ನಂಬಿಕೆಯಿಲ್ಲದ ಜೊತೆಗಾರರು: 'ದಿ ಗುಡ್, ದಿ ಬ್ಯಾಡ್ ಆಂಡ್ ದಿ ಅಗ್ಲಿ' ಚಿತ್ರ ನಗಿಸುವುದು ಹೇಗೆ?

ಈ ಚಿತ್ರ ನೋಡದವರೂ ಇದರ ಹೆಸರನ್ನು ಬಳಸುತ್ತಾರೆ. ಕ್ರಿಕೆಟ್ ಪಂದ್ಯದ ವಿಶ್ಲೇಷಣೆ ಇರಲಿ, ಹೊಸ ಫೋನಿನ ವಿಮರ್ಶೆ ಇರಲಿ, 'ಗುಡ್, ಬ್ಯಾಡ್, ಅಗ್ಲಿ' ಅಂತ ಮೂರು ಭಾಗ ಮಾಡಿ ಹೇಳುವುದು ರೂಢಿಯಾಗಿಬಿಟ್ಟಿದೆ. 2025ರಲ್ಲಿ ಅಜಿತ್ ಕುಮಾರ್ ಅವರ ತಮಿಳು ಚಿತ್ರವೊಂದು ಇದೇ ಹೆಸರಿನಲ್ಲಿ ಬಂತು. ಮೂಲ ಚಿತ್ರದ ಶಿಳ್ಳೆಯ ರಾಗ ಎಷ್ಟೋ ಜನರ ಫೋನಿನ ರಿಂಗ್‌ಟೋನ್. ಆ ಚಿತ್ರ ಇಟಲಿಯಲ್ಲಿ ತೆರೆಕಂಡಿದ್ದು 1966ರ ಡಿಸೆಂಬರ್‌ನಲ್ಲಿ. 2026ರ ಡಿಸೆಂಬರ್‌ಗೆ ಅದಕ್ಕೆ 60 ವರ್ಷ.

ಹೆಸರು ಗೊತ್ತು, ರಾಗ ಗೊತ್ತು, ಕಥೆ ಮಾತ್ರ ಗೊತ್ತಿಲ್ಲ ಅನ್ನುವವರು ತುಂಬಾ ಜನ. ನೋಡಲು ಕೂತವರಲ್ಲೂ ಕೆಲವರು ಮೊದಲ ಅರ್ಧ ಗಂಟೆಯಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಯಾರು ಯಾರ ಪರ? ಒಬ್ಬರನ್ನೊಬ್ಬರು ಕೊಲ್ಲಲು ಹೊರಟವರು ಮರುಕ್ಷಣ ಒಟ್ಟಿಗೆ ಯಾಕೆ ಹೋಗುತ್ತಿದ್ದಾರೆ? ಇಷ್ಟು ಹೆಣ ಬೀಳುವ ಚಿತ್ರದಲ್ಲಿ ನಗು ಯಾಕೆ ಬರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಈ ಲೇಖನದ ಕೆಲಸ. ಕಥೆಯ ಕೊನೆಯನ್ನೂ ಇಲ್ಲಿ ಹೇಳಿದ್ದೇನೆ. ಗುಟ್ಟು ಒಡೆಯಬಾರದು ಅನ್ನುವವರು ಮೊದಲು ಚಿತ್ರ ನೋಡಿ ಬನ್ನಿ.

ವೆಸ್ಟರ್ನ್ ಅಂದರೆ ಏನು, ಅದಕ್ಕೆ ಇಟಲಿ ಎಲ್ಲಿಂದ ಬಂತು?

19ನೇ ಶತಮಾನದ ಎರಡನೇ ಅರ್ಧದಲ್ಲಿ ಅಮೆರಿಕದ ಪಶ್ಚಿಮ ಭಾಗಕ್ಕೆ ಜನ ವಲಸೆ ಹೋದರು. ಜಾಗ ವಿಶಾಲ, ಜನ ಕಡಿಮೆ, ಪೊಲೀಸು ಕೋರ್ಟು ಇನ್ನೂ ಕಡಿಮೆ. ಒಂದು ಊರಿಗೆ ಒಬ್ಬ ಶೆರಿಫ್ ಇದ್ದರೆ ಅದೇ ದೊಡ್ಡದು. ಆ ಕಾಲ, ಆ ಜಾಗದ ಕಥೆ ಹೇಳುವ ಚಿತ್ರಗಳೇ ವೆಸ್ಟರ್ನ್. ಕುದುರೆ, ಟೋಪಿ, ರಿವಾಲ್ವರ್, ಧೂಳು ಎಲ್ಲ ಅಲ್ಲಿಂದಲೇ ಬಂದವು.

ಇನ್ನೊಂದು ಶಬ್ದ ತಿಳಿದಿರಬೇಕು, ಬೌಂಟಿ. ತಪ್ಪಿಸಿಕೊಂಡ ಅಪರಾಧಿಯ ತಲೆಗೆ ಕಟ್ಟಿದ ಬಹುಮಾನದ ಹಣ ಇದು. ಹಿಡಿದುಕೊಟ್ಟವನಿಗೆ ದುಡ್ಡು. ಅದನ್ನೇ ಕಸುಬು ಮಾಡಿಕೊಂಡವನು ಬೌಂಟಿ ಹಂಟರ್. ಈ ಚಿತ್ರದ ಮೊದಲ ಭಾಗ ನಿಂತಿರುವುದೇ ಬೌಂಟಿಯ ಮೇಲೆ.

ಹಾಲಿವುಡ್‌ನ ಹಳೆಯ ವೆಸ್ಟರ್ನ್‌ಗಳಲ್ಲಿ ಸಾಮಾನ್ಯವಾಗಿ ಒಳ್ಳೆಯವನು ಯಾರು, ಕೆಟ್ಟವನು ಯಾರು ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. 1960ರ ದಶಕದಲ್ಲಿ ಇಟಲಿಯವರು ಅದೇ ಬಗೆಯ ಚಿತ್ರಗಳನ್ನು ಕಡಿಮೆ ಖರ್ಚಿನಲ್ಲಿ ಮಾಡತೊಡಗಿದರು. ಒಳಾಂಗಣದ ಕೆಲಸ ರೋಮ್‌ನಲ್ಲಿ, ಹೊರಾಂಗಣ ಚಿತ್ರೀಕರಣ ಹೆಚ್ಚಾಗಿ ಸ್ಪೇನ್‌ನಲ್ಲಿ. ದಕ್ಷಿಣ ಸ್ಪೇನ್‌ನ ಅಲ್ಮೇರಿಯಾ ಪ್ರಾಂತ್ಯದ ಒಣ ಬಯಲು ನೋಡಿದರೆ ಅಮೆರಿಕದ ಮರುಭೂಮಿಯೇ ಅನ್ನಿಸುತ್ತದೆ. ಇವುಗಳಿಗೆ ಸ್ಪಾಗೆಟ್ಟಿ ವೆಸ್ಟರ್ನ್ ಅನ್ನುವ ಹೆಸರು ಅಂಟಿಕೊಂಡಿತು. ಇಲ್ಲಿ ನಾಯಕನ ಗಡ್ಡ ಬೋಳಿಸಿರುವುದಿಲ್ಲ, ಬಟ್ಟೆ ಒಗೆದಿರುವುದಿಲ್ಲ. ಅವನಿಗೆ ನ್ಯಾಯಕ್ಕಿಂತ ದುಡ್ಡಿನ ಮೇಲೆಯೇ ಜಾಸ್ತಿ ಕಣ್ಣು.

ಈ ಗುಂಪಿನ ದೊಡ್ಡ ಹೆಸರು ನಿರ್ದೇಶಕ ಸೆರ್ಜಿಯೊ ಲಿಯೋನೆ. 1964 ಮತ್ತು 1965ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅವರನ್ನು ಹಾಕಿಕೊಂಡು ಎರಡು ವೆಸ್ಟರ್ನ್ ಮಾಡಿ ಗೆದ್ದವರು. ಎರಡನೆಯದರಲ್ಲಿ ಇಬ್ಬರು ಬೌಂಟಿ ಹಂಟರ್‌ಗಳು ಒಂದೇ ಬೇಟೆಗೆ ಪೈಪೋಟಿ ಮಾಡಿ, ಕೊನೆಗೆ ಕೈ ಜೋಡಿಸುತ್ತಾರೆ. ಮೂರನೆಯದಕ್ಕೆ ಬರುವಾಗ ಲಿಯೋನೆ ಅದೇ ಎಳೆಯನ್ನು ಹಿಗ್ಗಿಸಿದರು. ಇಬ್ಬರ ಬದಲು ಮೂವರು. ಬೇಟೆಯ ಬದಲು ಹೂತಿಟ್ಟ ಚಿನ್ನ.

ಮೂವರು ಯಾರು?

ಟುಕೊ ಮೆಕ್ಸಿಕನ್ ದರೋಡೆಕೋರ. ಬಾಯಿ ಜಾಸ್ತಿ, ಸಿಟ್ಟು ಜಾಸ್ತಿ, ಅಳು ಜಾಸ್ತಿ. ಇವನೇ ಚಿತ್ರದ 'ಅಗ್ಲಿ'. ಏಂಜಲ್ ಐಸ್ ಹಣಕ್ಕಾಗಿ ಕೊಲ್ಲುವವನು. ಇವನು 'ಬ್ಯಾಡ್'. ಬ್ಲಾಂಡಿ ಚುರುಟು ಕಚ್ಚಿಕೊಂಡು, ಮಾತು ಕಡಿಮೆ ಆಡುತ್ತಾ, ಗುರಿ ತಪ್ಪದೆ ಗುಂಡು ಹೊಡೆಯುವವನು. ಇವನಿಗೆ ಲಿಯೋನೆ 'ಗುಡ್' ಅಂತ ಹಣೆಪಟ್ಟಿ ಹಚ್ಚಿದ್ದಾರೆ.

ಆದರೆ ಈ 'ಗುಡ್' ಮಾಡುವುದೇನು ನೋಡಿ. ತನ್ನ ಜೊತೆಗಾರನ ಕೈ ಕಟ್ಟಿ, ನೀರಿಲ್ಲದ ಬಯಲಲ್ಲಿ ಬಿಟ್ಟು ಹೋಗುತ್ತಾನೆ. ಕಾನೂನಿಗೆ ಮೋಸ ಮಾಡಿ ದುಡ್ಡು ಮಾಡುತ್ತಾನೆ. ಬೇರೆ ಚಿತ್ರದಲ್ಲಾದರೆ ಇವನು ಖಳನಾಯಕನೇ. ಪಾತ್ರದ ಪರಿಚಯ ಮಾಡಿಸುವಾಗ ಲಿಯೋನೆ ದೃಶ್ಯವನ್ನು ನಿಲ್ಲಿಸಿ, ಪರದೆಯ ಮೇಲೆ ಕೈಬರಹದಲ್ಲಿ ಈ ಹಣೆಪಟ್ಟಿಗಳನ್ನು ಬರೆಸುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಮೂವರೂ ಸುಳ್ಳು ಹೇಳುತ್ತಾರೆ, ಮೂವರೂ ಕೊಲ್ಲುತ್ತಾರೆ. ವ್ಯತ್ಯಾಸ ಇರುವುದು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದರಲ್ಲಿ ಮಾತ್ರ.

ಬ್ಲಾಂಡಿ ಪಾತ್ರ ಈಸ್ಟ್‌ವುಡ್ ಅವರದು, ಏಂಜಲ್ ಐಸ್ ಪಾತ್ರ ಲೀ ವ್ಯಾನ್ ಕ್ಲೀಫ್ ಅವರದು. ಟುಕೊ ಆಗಿ ನಟಿಸಿದವರು ಈಲೈ ವಾಲಕ್. ನ್ಯೂಯಾರ್ಕಿನ ರಂಗಭೂಮಿಯಲ್ಲಿ ಪಳಗಿದ ನಟ. ನನ್ನನ್ನು ಕೇಳಿದರೆ ಈ ಚಿತ್ರ ನಿಜವಾಗಿ ಅವರದೇ. ಉಳಿದಿಬ್ಬರ ಹಿಂದಿನ ಬದುಕು ನಮಗೆ ಏನೂ ತಿಳಿಯುವುದಿಲ್ಲ. ಟುಕೊಗೆ ಮಾತ್ರ ಮನೆ ಇದೆ, ಸತ್ತ ತಾಯಿ ತಂದೆ ಇದ್ದಾರೆ, ಪಾದ್ರಿಯಾದ ಒಬ್ಬ ಅಣ್ಣ ಇದ್ದಾನೆ. ನಗಿಸುವವನೂ ಅವನೇ, ಕರುಳು ಹಿಂಡುವವನೂ ಅವನೇ.

ನೇಣಿನ ವ್ಯಾಪಾರ

ಬ್ಲಾಂಡಿ ಮತ್ತು ಟುಕೊ ಸೇರಿ ಒಂದು ಕಸುಬು ನಡೆಸುತ್ತಾರೆ. ಟುಕೊನ ತಲೆಗೆ 2,000 ಡಾಲರ್ ಬಹುಮಾನ ಇದೆ. ಬ್ಲಾಂಡಿ ಅವನನ್ನು ಹಿಡಿದು ಶೆರಿಫ್‌ಗೆ ಒಪ್ಪಿಸಿ ದುಡ್ಡು ಪಡೆಯುತ್ತಾನೆ. ಊರಿನವರು ಟುಕೊನನ್ನು ಕುದುರೆಯ ಮೇಲೆ ಕೂರಿಸಿ, ಕುತ್ತಿಗೆಗೆ ಹಗ್ಗ ಹಾಕಿ, ಅವನ ಅಪರಾಧಗಳ ಉದ್ದನೆಯ ಪಟ್ಟಿ ಓದುತ್ತಾರೆ. ಕುದುರೆ ಓಡಿಸುವ ಕ್ಷಣಕ್ಕೆ ಸರಿಯಾಗಿ ಬ್ಲಾಂಡಿ ದೂರದಿಂದ ಗುಂಡು ಹೊಡೆದು ಹಗ್ಗ ಕತ್ತರಿಸುತ್ತಾನೆ. ಇಬ್ಬರೂ ಪರಾರಿ. ಹಣ ಅರ್ಧ ಅರ್ಧ. ಮುಂದಿನ ಊರಿನಲ್ಲಿ ಮತ್ತೆ ಅದೇ. ಅಷ್ಟರಲ್ಲಿ ಬಹುಮಾನ 3,000ಕ್ಕೆ ಏರಿರುತ್ತದೆ.

ಈ ವ್ಯಾಪಾರದ ಲೆಕ್ಕಾಚಾರದಲ್ಲೇ ಇಡೀ ಚಿತ್ರದ ಬೀಜ ಇದೆ. ಕುತ್ತಿಗೆ ನನ್ನದು, ಅಪಾಯ ನನ್ನದು, ನನಗೆ ಹೆಚ್ಚು ಪಾಲು ಬೇಕು ಅಂತ ಟುಕೊ ಕೇಳುತ್ತಾನೆ. ಬ್ಲಾಂಡಿ ಶಾಂತವಾಗಿ ಉತ್ತರಿಸುತ್ತಾನೆ: ನನ್ನ ಪಾಲು ಕಡಿಮೆಯಾದರೆ ನನ್ನ ಗುರಿಯೂ ಸ್ವಲ್ಪ ಆಚೀಚೆ ಆಗಬಹುದು. ಅಲ್ಲಿಗೆ ಚೌಕಾಸಿ ಮುಗಿಯಿತು. ಇಬ್ಬರಿಗೂ ಪರಸ್ಪರ ಬೇಕು. ಆದರೆ ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿ ಇದೆ. ಈ ಅಸಮ ಜೊತೆಗಾರಿಕೆ ಬಾಳುವುದಿಲ್ಲ. ಇವನ ಬೆಲೆ 3,000ಕ್ಕಿಂತ ಮೇಲೆ ಏರುವುದಿಲ್ಲ ಅನ್ನಿಸಿದಾಗ ಬ್ಲಾಂಡಿ ಅವನನ್ನು ಬಯಲಿನಲ್ಲಿ ಬಿಟ್ಟು ನಡೆಯುತ್ತಾನೆ.

ಟುಕೊ ಬದುಕಿ ಬರುತ್ತಾನೆ, ಸೇಡು ತೀರಿಸಿಕೊಳ್ಳುತ್ತಾನೆ. ಸುಡುವ ಮರುಭೂಮಿಯಲ್ಲಿ ಬ್ಲಾಂಡಿಯನ್ನು ಮೈಲಿಗಟ್ಟಲೆ ನಡೆಸುತ್ತಾನೆ. ತಾನು ಮಾತ್ರ ಕುದುರೆ ಮೇಲೆ ಕೂತು, ಜಾಲರಿ ಅಂಚಿನ ಚೆಂದದ ಕೊಡೆ ಹಿಡಿದಿರುತ್ತಾನೆ.

ಅರ್ಧ ಗುಟ್ಟು ನಿನಗೆ, ಅರ್ಧ ನನಗೆ

ಆಗ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ನಡೆಯುತ್ತಿದೆ. ಬ್ಲಾಂಡಿ ಸಾಯುವ ಸ್ಥಿತಿಗೆ ಬಂದಾಗ ಸೈನಿಕರ ಹೆಣಗಳನ್ನು ತುಂಬಿಕೊಂಡ ಕುದುರೆ ಗಾಡಿಯೊಂದು ಅಲ್ಲಿಗೆ ಬರುತ್ತದೆ. ಓಡಿಸುವವರಿಲ್ಲ. ಒಳಗೆ ಬಿಲ್ ಕಾರ್ಸನ್ ಅನ್ನುವ ಒಬ್ಬ ಮಾತ್ರ ಇನ್ನೂ ಉಸಿರಾಡುತ್ತಿದ್ದಾನೆ. ಅವನು ಸೇನೆಯ 2,00,000 ಡಾಲರ್ ಬೆಲೆಯ ಚಿನ್ನವನ್ನು ಒಂದು ಸಮಾಧಿಯಲ್ಲಿ ಹೂತಿಟ್ಟವನು. ನೀರಿಗಾಗಿ ಅಂಗಲಾಚುತ್ತಾ, ಸ್ಮಶಾನದ ಹೆಸರನ್ನು ಟುಕೊಗೆ ಹೇಳುತ್ತಾನೆ: ಸ್ಯಾಡ್ ಹಿಲ್. ಯಾವ ಸಮಾಧಿ ಅಂತ ಕೇಳುವಷ್ಟರಲ್ಲಿ ಅವನಿಗೆ ಪ್ರಜ್ಞೆ ತಪ್ಪುತ್ತದೆ. ಟುಕೊ ನೀರು ತರಲು ಓಡುತ್ತಾನೆ. ವಾಪಸ್ ಬಂದಾಗ ಕಾರ್ಸನ್ ಸತ್ತಿದ್ದಾನೆ. ಪಕ್ಕದಲ್ಲಿ, ಸಾಯುವ ಸ್ಥಿತಿಯಲ್ಲೇ, ಬ್ಲಾಂಡಿ ಒರಗಿ ಬಿದ್ದಿದ್ದಾನೆ. ಸಮಾಧಿಯ ಹೆಸರನ್ನು ಕೇಳಿಸಿಕೊಂಡವನು ಅವನೊಬ್ಬನೇ.

ಬ್ಯಾಂಕಿನ ಲಾಕರ್ ನೆನಪಿಸಿಕೊಳ್ಳಿ. ಒಂದು ಕೀಲಿ ನಿಮ್ಮ ಹತ್ತಿರ, ಇನ್ನೊಂದು ಬ್ಯಾಂಕಿನವರ ಹತ್ತಿರ. ಎರಡೂ ಸೇರದೆ ಬಾಗಿಲು ತೆರೆಯದು. ಇಲ್ಲೂ ಹಾಗೆಯೇ. ಸ್ಮಶಾನ ಗೊತ್ತಿದ್ದವನಿಗೆ ಸಾವಿರಾರು ಸಮಾಧಿಗಳಲ್ಲಿ ಯಾವುದು ಅಂತ ಗೊತ್ತಿಲ್ಲ. ಸಮಾಧಿ ಗೊತ್ತಿದ್ದವನಿಗೆ ಯಾವ ಊರಿಗೆ ಹೋಗಬೇಕು ಅಂತಲೇ ಗೊತ್ತಿಲ್ಲ.

ಇಲ್ಲಿಂದ ಟುಕೊನ ವರ್ತನೆ ನೋಡಬೇಕು. ಒಂದು ನಿಮಿಷದ ಹಿಂದೆ ಕೊಲ್ಲಲು ನಿಂತಿದ್ದವನು ಈಗ 'ಸಾಯಬೇಡ ಗೆಳೆಯಾ' ಅಂತ ಗೋಗರೆಯುತ್ತಾನೆ. ಅಣ್ಣ ಇರುವ ಕ್ರೈಸ್ತ ಮಠಕ್ಕೆ ಹೊತ್ತೊಯ್ದು ಆರೈಕೆ ಮಾಡುತ್ತಾನೆ. ಪ್ರೀತಿ ಬಂದಿದ್ದಲ್ಲ, ಅವನ ಹತ್ತಿರ ಅರ್ಧ ಗುಟ್ಟು ಇದೆ ಅಷ್ಟೇ. ಹಾಸಿಗೆಯ ಮೇಲಿರುವ ಬ್ಲಾಂಡಿಗೂ ಇದು ಚೆನ್ನಾಗಿ ಗೊತ್ತು. ಆ ಹೆಸರು ಬಾಯಿ ಬಿಡದಿರುವವರೆಗೆ ತನಗೆ ಸಾವಿಲ್ಲ.

ಈಗ ಮೂರನೆಯವನ ಸರದಿ. ಏಂಜಲ್ ಐಸ್ ಮೊದಲಿನಿಂದಲೂ ಕಾರ್ಸನ್‌ನನ್ನು ಹುಡುಕುತ್ತಿದ್ದಾನೆ. ಟುಕೊ ಮತ್ತು ಬ್ಲಾಂಡಿ ಯುದ್ಧಕೈದಿಗಳ ಶಿಬಿರದಲ್ಲಿ ಅವನ ಕೈಗೆ ಸಿಗುತ್ತಾರೆ. ಟುಕೊನನ್ನು ಹಿಂಸಿಸಿ ಸ್ಮಶಾನದ ಹೆಸರು ಹೊರತೆಗೆಯುತ್ತಾನೆ. ಬ್ಲಾಂಡಿಯನ್ನು ಮಾತ್ರ ಮುಟ್ಟುವುದಿಲ್ಲ. ಹೊಡೆದರೂ ಇವನು ಬಾಯಿ ಬಿಡುವುದಿಲ್ಲ ಅಂತ ಅವನಿಗೆ ಗೊತ್ತು. ಅದಕ್ಕೆ ಪಾಲುದಾರಿಕೆಯ ಮಾತಾಡುತ್ತಾನೆ. ಅಲ್ಲಿಗೆ ಟುಕೊನ ಬೆಲೆ ಸೊನ್ನೆ. ಅವನನ್ನು ನೇಣಿಗೆ ಕಳಿಸುತ್ತಾರೆ. ಬ್ಲಾಂಡಿ ಹೊಸ ಜೊತೆಗಾರನೊಂದಿಗೆ ಹೊರಡುತ್ತಾನೆ.

ಗಮನಿಸಿದಿರಾ? ಯಾರೂ ಮನಸ್ಸು ಬದಲಾಯಿಸಿಲ್ಲ. ಯಾರಿಗೆ ಏನು ಗೊತ್ತು ಅನ್ನುವುದು ಬದಲಾದ ಹಾಗೆ ಜೋಡಿಗಳು ಬದಲಾಗುತ್ತಿವೆ. ಈ ಒಂದು ಎಳೆ ಹಿಡಿದರೆ ಸುಮಾರು ಮೂರು ಗಂಟೆಯ ಚಿತ್ರದಲ್ಲಿ ಎಲ್ಲೂ ಗೊಂದಲ ಆಗುವುದಿಲ್ಲ. ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಗುಟ್ಟಿನ ಯಾವ ಅರ್ಧ ಯಾರ ಹತ್ತಿರ ಇದೆ?

ಟುಕೊ ರೈಲಿನಿಂದ ಹಾರಿ ತಪ್ಪಿಸಿಕೊಂಡು, ಬಾಂಬಿನಿಂದ ಹಾಳಾದ ಊರೊಂದರಲ್ಲಿ ಮತ್ತೆ ಬ್ಲಾಂಡಿಗೆ ಸಿಗುತ್ತಾನೆ. ಇಬ್ಬರೂ ಸೇರಿ ಏಂಜಲ್ ಐಸ್‌ನ ಬಂಟರನ್ನು ಮುಗಿಸುತ್ತಾರೆ. ಆಮೇಲೆ ಒಂದು ನದಿಯ ಸೇತುವೆಯನ್ನು ಸ್ಫೋಟಿಸಬೇಕಾಗುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತು ಸಿಡಿಮದ್ದು ಕಟ್ಟುವಾಗ ಟುಕೊ ಒಂದು ಸಲಹೆ ಕೊಡುತ್ತಾನೆ. ಇಬ್ಬರಲ್ಲಿ ಒಬ್ಬ ಸತ್ತರೆ ಚಿನ್ನ ಯಾರಿಗೂ ಸಿಗುವುದಿಲ್ಲ, ಗುಟ್ಟು ಹಂಚಿಕೊಳ್ಳೋಣ. ನೀನೇ ಮೊದಲು ಹೇಳು ಅನ್ನುತ್ತಾನೆ ಬ್ಲಾಂಡಿ. ಟುಕೊ ತಡವರಿಸಿ, ಕೊನೆಗೆ ನಿಜ ಹೇಳಿಬಿಡುತ್ತಾನೆ. ಬ್ಲಾಂಡಿ ಹೇಳುವ ಹೆಸರು ಆರ್ಚ್ ಸ್ಟ್ಯಾಂಟನ್. ಅದು ಸುಳ್ಳು.

ಹಾಗಾದರೆ ನಗು ಎಲ್ಲಿಂದ ಬರುತ್ತದೆ?

ಲಿಯೋನೆ ಜೊತೆ ಚಿತ್ರಕಥೆಗೆ ಕೂತವರಲ್ಲಿ ಆಜೆ ಮತ್ತು ಸ್ಕಾರ್ಪೆಲ್ಲಿ ಜೋಡಿ ಇತ್ತು. ಇಟಲಿಯ ಹಾಸ್ಯ ಚಿತ್ರಗಳಿಗೆ ಹೆಸರಾದ ಬರಹಗಾರರು ಇವರು. ಆ ಕಾಲದ ಇಟಲಿಯ ಹಾಸ್ಯ ಹಸಿವು, ಬಡತನ, ಮೋಸ, ಯುದ್ಧಗಳ ನಡುವೆಯೇ ಹುಟ್ಟುತ್ತಿತ್ತು. ಸಣ್ಣ ಕಳ್ಳರು ದೊಡ್ಡ ಯೋಜನೆ ಹಾಕಿ ಎಡವುವುದು ಅದರ ಮೆಚ್ಚಿನ ವಿಷಯ.

ಆ ಗುಣ ಇಲ್ಲಿ ಪ್ರತಿ ಕಡೆ ಕಾಣುತ್ತದೆ. ಬ್ಲಾಂಡಿ ಮತ್ತು ಟುಕೊ ದಕ್ಷಿಣದ ಸೇನೆಯ ಬೂದು ಸಮವಸ್ತ್ರ ಹಾಕಿಕೊಂಡು ಹೋಗುತ್ತಿರುತ್ತಾರೆ. ದೂರದಲ್ಲಿ ಬೂದು ಬಣ್ಣದ ಸೈನಿಕರು ಕಾಣುತ್ತಾರೆ. ನಮ್ಮವರೇ ಅಂದುಕೊಂಡ ಟುಕೊ ದಕ್ಷಿಣಕ್ಕೆ ಜೈ, ಉತ್ತರದವರಿಗೆ ಧಿಕ್ಕಾರ ಅಂತ ಕೂಗುತ್ತಾನೆ. ಹತ್ತಿರ ಬಂದ ಅಧಿಕಾರಿ ತೋಳಿನ ಮೇಲಿನ ಧೂಳು ಕೊಡವುತ್ತಾನೆ. ಕೆಳಗೆ ನೀಲಿ ಬಟ್ಟೆ. ಅವರು ಉತ್ತರದವರು. ಮುಂದಿನ ದೃಶ್ಯದಲ್ಲಿ ಇಬ್ಬರೂ ಕೈದಿಗಳು.

ಇನ್ನೊಂದು ಕಡೆ ಟುಕೊ ಸ್ನಾನದ ತೊಟ್ಟಿಯಲ್ಲಿ ನೊರೆಯೊಳಗೆ ಮುಳುಗಿ ಕೂತಿರುತ್ತಾನೆ. ಹಳೆಯ ವೈರಿಯೊಬ್ಬ ಬಂದೂಕು ಹಿಡಿದು ಒಳಗೆ ಬಂದು, ನಿನಗಾಗಿ ಎಷ್ಟು ಕಾಲ ಕಾದೆ ಅಂತ ಭಾಷಣ ಶುರು ಮಾಡುತ್ತಾನೆ. ನೊರೆಯ ಒಳಗಿನಿಂದಲೇ ಗುಂಡು ಹಾರುತ್ತದೆ. ಹೊಡೆಯಬೇಕಾದರೆ ಹೊಡಿ, ಮಾತಾಡುತ್ತಾ ನಿಲ್ಲಬೇಡ ಅನ್ನುವುದು ಟುಕೊನ ಬುದ್ಧಿಮಾತು. ಖಳನಾಯಕರು ಕೊನೆಯಲ್ಲಿ ಉದ್ದುದ್ದ ಡೈಲಾಗ್ ಹೊಡೆಯುವ ಎಲ್ಲ ಚಿತ್ರಗಳಿಗೂ ಕೊಟ್ಟ ಉತ್ತರ ಇದು, ಅಲ್ವಾ?

ಏಂಜಲ್ ಐಸ್‌ಗೂ ಒಂದು ಕರಾಳ ಹಾಸ್ಯ ಇದೆ. ಒಬ್ಬನನ್ನು ಕೊಲ್ಲಲು ಹಣ ಪಡೆದು ಹೋಗುತ್ತಾನೆ. ಆ ಮನುಷ್ಯ ಪ್ರಾಣ ಉಳಿಸಿಕೊಳ್ಳಲು ಇನ್ನೂ ಹೆಚ್ಚು ಹಣ ಕೊಡುತ್ತಾನೆ. ಏಂಜಲ್ ಐಸ್ ಅವನನ್ನೂ ಕೊಲ್ಲುತ್ತಾನೆ, ವಾಪಸ್ ಹೋಗಿ ತನ್ನನ್ನು ಕಳಿಸಿದವನನ್ನೂ ಕೊಲ್ಲುತ್ತಾನೆ. ಹಣ ತೆಗೆದುಕೊಂಡ ಮೇಲೆ ಕೆಲಸ ಮಾಡಲೇಬೇಕು ಅನ್ನುವುದು ಅವನ ಶಿಸ್ತು.

ಇಷ್ಟಾದರೂ ಚಿತ್ರ ಸುಮ್ನೆ ನಗಿಸಿ ಬಿಡುವುದಿಲ್ಲ. ಮಠದಲ್ಲಿ ಅಣ್ಣ ತಮ್ಮ ಮುಖಾಮುಖಿ ಆಗುವ ದೃಶ್ಯ ನನಗೆ ಚಿತ್ರದ ಅತಿ ದೊಡ್ಡ ದೃಶ್ಯ. ಇಷ್ಟು ವರ್ಷದ ಮೇಲೆ ಈಗ ತಾಯಿ ತಂದೆ ನೆನಪಾದರಾ ಅಂತ ಅಣ್ಣ ಬೈಯುತ್ತಾನೆ. ನಮ್ಮ ಊರಿನಲ್ಲಿ ಬಡವನಿಗೆ ಇದ್ದ ದಾರಿ ಎರಡೇ, ಪಾದ್ರಿ ಆಗುವುದು ಇಲ್ಲ ಕಳ್ಳ ಆಗುವುದು, ನಿನ್ನ ದಾರಿಗಿಂತ ನನ್ನದು ಕಷ್ಟದ್ದು ಅನ್ನುತ್ತಾನೆ ಟುಕೊ. ಕೈ ಕೈ ಮಿಲಾಯಿಸುತ್ತಾರೆ. ಹೊರಗೆ ಬಂದ ಟುಕೊ, ಅಣ್ಣ ನನ್ನನ್ನು ಬಿಡಲೊಲ್ಲ, ಊಟ ಹಾಕದೆ ಕಳಿಸುವುದಿಲ್ಲ ಅಂತ ಬ್ಲಾಂಡಿಗೆ ಸುಳ್ಳು ಹೇಳುತ್ತಾನೆ. ಎಲ್ಲವನ್ನೂ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದ ಬ್ಲಾಂಡಿ, ಊಟದ ಮೇಲೆ ಒಳ್ಳೆಯ ಚುರುಟಿಗೆ ಸಮ ಯಾವುದೂ ಇಲ್ಲ ಅಂತಷ್ಟೇ ಹೇಳಿ, ತನ್ನ ಚುರುಟನ್ನು ಅವನಿಗೆ ಕೊಡುತ್ತಾನೆ. ಇಡೀ ಚಿತ್ರದಲ್ಲಿ ಲಾಭದ ಲೆಕ್ಕ ಇಲ್ಲದೆ ಇವರಿಬ್ಬರ ನಡುವೆ ಏನಾದರೂ ಕೈ ಬದಲಾಗಿದ್ದರೆ ಅದು ಆ ಚುರುಟು.

ಸುತ್ತ ನಡೆಯುತ್ತಿರುವ ಯುದ್ಧ ಯಾವುದು?

ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಬಂದವು, ಉತ್ತರ ಅದನ್ನು ಒಪ್ಪಲಿಲ್ಲ. ಯುದ್ಧದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತರು. ಹೆಚ್ಚಿನ ಹೋರಾಟ ಪೂರ್ವದಲ್ಲಿ ಆಯಿತು. ಆದರೆ 1862ರಲ್ಲಿ ಜನರಲ್ ಸಿಬ್ಲಿ ದಕ್ಷಿಣದ ಸೇನೆಯೊಂದನ್ನು ಟೆಕ್ಸಸ್‌ನಿಂದ ನ್ಯೂ ಮೆಕ್ಸಿಕೊ ಕಡೆ ನಡೆಸಿದ. ಆ ವರ್ಷದ ಮಾರ್ಚ್‌ನಲ್ಲಿ ಗ್ಲೋರಿಯೆಟಾ ಕಣಿವೆಯ ಕದನದ ನಂತರ ಅದು ಸೋತು ಹಿಂದಿರುಗಿತು. ಚಿತ್ರ ನಡೆಯುವುದು ಆ ಹಿನ್ನೆಲೆಯಲ್ಲಿ. ಸಿಬ್ಲಿಯ ಹೆಸರೂ ಮಾತಿನಲ್ಲಿ ಬರುತ್ತದೆ.

ಲಿಯೋನೆ ಇತಿಹಾಸದ ಪಾಠ ಮಾಡಲು ಹೊರಟಿರಲಿಲ್ಲ. ಡೈನಮೈಟ್‌ಗೆ ನೊಬೆಲ್ ಪೇಟೆಂಟ್ ಪಡೆದದ್ದೇ 1867ರಲ್ಲಿ, ಚಿತ್ರದಲ್ಲಿ 1862ಕ್ಕೇ ಅದು ಸಿಡಿಯುತ್ತದೆ. ಅವರಿಗೆ ಬೇಕಿದ್ದದ್ದು ಹೋಲಿಕೆ. ಮೂವರು ಕಳ್ಳರು ಚಿನ್ನಕ್ಕಾಗಿ ಬೆರಳೆಣಿಕೆಯ ಜನರನ್ನು ಕೊಲ್ಲುತ್ತಿರುವಾಗ, ಅವರ ಪಕ್ಕದಲ್ಲೇ ಎರಡು ಸೇನೆಗಳು ಒಂದು ಸೇತುವೆಗಾಗಿ ದಿನಾ ನೂರಾರು ಜನರನ್ನು ಸಾಯಿಸುತ್ತಿವೆ. ಆ ಸೇತುವೆಯ ಕ್ಯಾಪ್ಟನ್ ಕುಡಿದು ಕೂತಿರುತ್ತಾನೆ. ಸೇತುವೆ ಸಿಡಿದು ಹೋದರೆ ತನ್ನ ಹುಡುಗರು ಉಳಿಯುತ್ತಾರೆ ಅನ್ನುವುದು ಅವನ ಆಸೆ, ಅದನ್ನು ಕಾಪಾಡಬೇಕು ಅನ್ನುವುದು ಆದೇಶ. ಇಬ್ಬರು ಕಳ್ಳರು ತಮ್ಮ ಸ್ವಾರ್ಥಕ್ಕೆ ಅದನ್ನು ಸಿಡಿಸಿದಾಗ ಎರಡೂ ಸೇನೆಗಳು ಜಾಗ ಖಾಲಿ ಮಾಡುತ್ತವೆ.

ಆ ಸೇತುವೆಯನ್ನು ಸ್ಪೇನ್‌ನ ಸೈನಿಕರು ಅರ್ಲಾನ್ಸಾ ನದಿಯ ಮೇಲೆ ನಿಜವಾಗಿ ಕಟ್ಟಿದ್ದರು. ಚಿತ್ರೀಕರಣದ ದಿನ ಸಂಕೇತ ತಪ್ಪಾಗಿ ಅರ್ಥವಾಗಿ, ಕ್ಯಾಮೆರಾ ಓಡುವ ಮೊದಲೇ ಸೇತುವೆ ಸಿಡಿದುಹೋಯಿತು. ಮತ್ತೆ ಕಟ್ಟಿದರು, ಮತ್ತೆ ಸಿಡಿಸಿದರು. ನಾವು ನೋಡುವುದು ಎರಡನೆಯದನ್ನು.

ಸ್ಮಶಾನದಲ್ಲಿ ಮೂವರು

ಕೊನೆಯ ದೃಶ್ಯದ ಸ್ಯಾಡ್ ಹಿಲ್ ಸ್ಮಶಾನವೂ ಕಟ್ಟಿದ್ದೇ. ಉತ್ತರ ಸ್ಪೇನ್‌ನ ಬುರ್ಗೋಸ್ ಪ್ರಾಂತ್ಯದ ಕಣಿವೆಯಲ್ಲಿ ಸೈನಿಕರು ಸುಮಾರು 5,000 ಸುಳ್ಳು ಸಮಾಧಿಗಳನ್ನು ವೃತ್ತಾಕಾರವಾಗಿ ಮಾಡಿದರು. ನಡುವೆ ಕಲ್ಲು ಹಾಸಿದ ಬಟ್ಟ ಬಯಲು. ಚಿತ್ರ ಮುಗಿದ ಮೇಲೆ ಅದು ಹುಲ್ಲು ಮಣ್ಣಿನಡಿ ಹೂತುಹೋಗಿತ್ತು. 2015ರಿಂದ ಅಭಿಮಾನಿಗಳು ಗುದ್ದಲಿ ಹಿಡಿದು ಬಂದು ಅದನ್ನು ಮತ್ತೆ ಹೊರತೆಗೆದರು. ಈಗ ಜನ ಅಲ್ಲಿಗೆ ಪ್ರವಾಸ ಹೋಗುತ್ತಾರೆ.

ಮೂವರೂ ಆ ವೃತ್ತದಲ್ಲಿ ನಿಲ್ಲುತ್ತಾರೆ. ನಿಜವಾದ ಹೆಸರನ್ನು ಒಂದು ಕಲ್ಲಿನ ಅಡಿ ಬರೆದಿದ್ದೇನೆ, ಗೆದ್ದವನು ನೋಡಿಕೊಳ್ಳಲಿ ಅನ್ನುತ್ತಾನೆ ಬ್ಲಾಂಡಿ. ಆಮೇಲೆ ನಿಮಿಷಗಟ್ಟಲೆ ಯಾರೂ ಕೈ ಆಡಿಸುವುದಿಲ್ಲ. ಯಾಕೆ?

ಇಬ್ಬರೇ ಇದ್ದರೆ ಲೆಕ್ಕ ಸುಲಭ. ವೇಗವಾಗಿ ಹೊಡೆದವನು ಬದುಕುತ್ತಾನೆ. ಮೂವರಿದ್ದಾಗ ಹಾಗಲ್ಲ. ನಾನು ಎಡಗಡೆಯವನನ್ನು ಹೊಡೆದರೆ ಬಲಗಡೆಯವನಿಗೆ ನಾನು ಸುಲಭದ ಗುರಿ. ಕಾದರೆ ಇನ್ನಿಬ್ಬರೂ ನನ್ನನ್ನೇ ಹೊಡೆಯಬಹುದು. ಮೊದಲು ಹೊಡೆಯುವುದೂ ಅಪಾಯ, ಹೊಡೆಯದಿರುವುದೂ ಅಪಾಯ. ಹಾಗಾಗಿ ಮೂವರೂ ಕಣ್ಣಿನಲ್ಲೇ ಲೆಕ್ಕ ಹಾಕುತ್ತಾ ನಿಲ್ಲುತ್ತಾರೆ. ಲಿಯೋನೆ ಮೊದಲು ದೂರದಿಂದ ಇಡೀ ವೃತ್ತ ತೋರಿಸಿ, ನಿಧಾನವಾಗಿ ಮುಖ, ಕೈ, ಕಣ್ಣುಗಳ ಹತ್ತಿರ ಹೋಗುತ್ತಾರೆ. ದೃಶ್ಯದ ತುಣುಕುಗಳು ಚಿಕ್ಕದಾಗುತ್ತಾ, ವೇಗವಾಗುತ್ತಾ ಹೋಗುತ್ತವೆ.

ಬ್ಲಾಂಡಿ ಏಂಜಲ್ ಐಸ್‌ನನ್ನು ಹೊಡೆಯುತ್ತಾನೆ. ಟುಕೊ ಟ್ರಿಗರ್ ಎಳೆದರೆ ಬರೀ ಕ್ಲಿಕ್ ಸದ್ದು. ಹಿಂದಿನ ರಾತ್ರಿಯೇ ಬ್ಲಾಂಡಿ ಅವನ ಗುಂಡುಗಳನ್ನು ತೆಗೆದಿದ್ದ. ಉಳಿದಿಬ್ಬರು ಮೂವರ ಕಾಳಗ ಅಂದುಕೊಂಡಿದ್ದಾಗ ಬ್ಲಾಂಡಿಗೆ ಮಾತ್ರ ಅದು ಇಬ್ಬರ ಕಾಳಗವಾಗಿತ್ತು. ಇಲ್ಲೂ ಗೆದ್ದದ್ದು ಇತರರಿಗೆ ಗೊತ್ತಿಲ್ಲದ ಒಂದು ವಿಷಯ ಗೊತ್ತಿದ್ದವನೇ. ಕಲ್ಲಿನ ಅಡಿ ಏನೂ ಬರೆದಿರುವುದಿಲ್ಲ. ಚಿನ್ನ ಇರುವುದು ಆರ್ಚ್ ಸ್ಟ್ಯಾಂಟನ್‌ನ ಪಕ್ಕದ, ಹೆಸರಿಲ್ಲದ ಸಮಾಧಿಯಲ್ಲಿ.

ಆಮೇಲೆ ಬ್ಲಾಂಡಿ ಟುಕೊನ ಕುತ್ತಿಗೆಗೆ ಹಗ್ಗ ಹಾಕಿ, ಒಂದು ಶಿಲುಬೆಯ ಮೇಲೆ ಅಲುಗಾಡುವ ಹಾಗೆ ನಿಲ್ಲಿಸುತ್ತಾನೆ. ಅರ್ಧ ಚಿನ್ನವನ್ನು ಅವನ ಕಾಲ ಕೆಳಗೇ ಬಿಟ್ಟು ಹೊರಡುತ್ತಾನೆ. ದೂರ ಹೋಗಿ ತಿರುಗಿ ಒಂದು ಗುಂಡು ಹೊಡೆಯುತ್ತಾನೆ. ಹಗ್ಗ ತುಂಡಾಗುತ್ತದೆ. ಹಳೆಯ ವ್ಯಾಪಾರದ ಕರಾರು ಅರ್ಧ ಅರ್ಧ ಅಂತಲೇ ಇತ್ತು.

ರಾಗ ಮಾಡಿದ ಕೆಲಸ

ಸಂಗೀತ ಎನ್ನಿಯೊ ಮೊರಿಕೋನೆ ಅವರದು. ಲಿಯೋನೆ ಮತ್ತು ಅವರು ಚಿಕ್ಕಂದಿನಲ್ಲಿ ಒಂದೇ ಶಾಲೆಯ ಹುಡುಗರು. ಮುಖ್ಯ ರಾಗದ ಆ ಪುಟ್ಟ ಕೂಗು ಕಯೋಟಿ ಅನ್ನುವ ಕಾಡುನಾಯಿಯ ಊಳನ್ನು ನೆನಪಿಸುತ್ತದೆ. ಅದೇ ರಾಗ ಬ್ಲಾಂಡಿಗೆ ಕೊಳಲಿನಲ್ಲಿ, ಏಂಜಲ್ ಐಸ್‌ಗೆ ಒಕರಿನಾ ಅನ್ನುವ ಊದುವ ವಾದ್ಯದಲ್ಲಿ, ಟುಕೊಗೆ ಮನುಷ್ಯರ ದನಿಯಲ್ಲಿ ಬರುತ್ತದೆ. ಮೂವರಿಗೂ ರಾಗ ಒಂದೇ, ದನಿ ಬೇರೆ. ಮೂವರೂ ಒಂದೇ ಜಾತಿಯ ಮನುಷ್ಯರು ಅನ್ನುವುದನ್ನು ಮೊರಿಕೋನೆ ಮಾತಿಲ್ಲದೆ ಹೇಳಿಬಿಟ್ಟಿದ್ದಾರೆ. ಸ್ಮಶಾನದಲ್ಲಿ ಟುಕೊ ಸಮಾಧಿ ಹುಡುಕುತ್ತಾ ಹುಚ್ಚನ ಹಾಗೆ ಓಡುವಾಗ ಬರುವ ಸಂಗೀತವನ್ನು ಮೆಟಾಲಿಕಾ ಅನ್ನುವ ರಾಕ್ ಸಂಗೀತ ತಂಡ 1980ರ ದಶಕದಿಂದ ತನ್ನ ಕಾರ್ಯಕ್ರಮಗಳ ಆರಂಭಕ್ಕೆ ಬಳಸುತ್ತಾ ಬಂದಿದೆ.

ಬಂದೂಕಿನಿಂದ ಗುದ್ದಿಗೆ

ಈ ಚಿತ್ರದಲ್ಲಿ ಹಾಸ್ಯ ಮತ್ತು ಸಾವು ಪಕ್ಕಪಕ್ಕದಲ್ಲಿದ್ದವು. ನಾಲ್ಕು ವರ್ಷದ ನಂತರ ಇಟಲಿಯವರು ಸಾವನ್ನು ಬದಿಗಿಟ್ಟು ಹಾಸ್ಯವನ್ನಷ್ಟೇ ಉಳಿಸಿಕೊಂಡರು. 1970ರ ಟ್ರಿನಿಟಿ ಚಿತ್ರದಲ್ಲಿ ಇಬ್ಬರು ಸಹೋದರರು. ತಮ್ಮ ಸೋಮಾರಿ, ಅಣ್ಣ ಮುಂಗೋಪಿ. ಅಣ್ಣ ಸುಳ್ಳು ಶೆರಿಫ್ ವೇಷ ಹಾಕಿಕೊಂಡು ಕುದುರೆ ಕದಿಯಲು ಕಾಯುತ್ತಿರುವಾಗ ತಮ್ಮ ಬಂದು ಎಲ್ಲ ಕೆಡಿಸುತ್ತಾನೆ. ಕೊನೆಗೆ ಇಬ್ಬರೂ ಸೇರಿ, ಜಗಳವೇ ಬೇಡ ಅನ್ನುವ ಧಾರ್ಮಿಕ ಗುಂಪೊಂದರ ನೆಲ ಉಳಿಸುತ್ತಾರೆ. ಕೊನೆಯ ಕಾಳಗದಲ್ಲಿ ಬಂದೂಕು ಇಲ್ಲ, ಬರೀ ಗುದ್ದು. ಅಣ್ಣನಾಗಿ ನಟಿಸಿದ ಬಡ್ ಸ್ಪೆನ್ಸರ್ ಅವರ ನಿಜ ಹೆಸರು ಕಾರ್ಲೊ ಪೆಡರ್ಸೋಲಿ. 1952 ಮತ್ತು 1956ರ ಒಲಿಂಪಿಕ್ಸ್‌ನಲ್ಲಿ ಇಟಲಿಗಾಗಿ ಈಜಿದವರು. ತಮ್ಮನಾಗಿ ನಟಿಸಿದ ಟೆರೆನ್ಸ್ ಹಿಲ್ ಜೊತೆ ಅವರ ಜೋಡಿ ವರ್ಷಗಟ್ಟಲೆ ನಡೆಯಿತು.

ನಮ್ಮ ಕಡೆಯ ನಂಟು

ಇಟಲಿಯ ವೆಸ್ಟರ್ನ್‌ಗಳ ಗಾಳಿ ಭಾರತಕ್ಕೂ ಬೀಸಿತು. 1975ರ 'ಶೋಲೆ' ಅದರ ದೊಡ್ಡ ಉದಾಹರಣೆ. ಅದರ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆಯೇ ಎದ್ದಿತು. ಅಲ್ಲೂ ಮಾಜಿ ಪೊಲೀಸ್ ಅಧಿಕಾರಿಯೊಬ್ಬ ತಾನೇ ಹಿಂದೆ ಬಂಧಿಸಿದ್ದ ಇಬ್ಬರು ಕಳ್ಳರನ್ನು ಕೂಲಿಗೆ ಕರೆಯುತ್ತಾನೆ.

ಇನ್ನೊಂದು ನಂಟು ಇನ್ನೂ ಆಪ್ತವಾದದ್ದು. ಲಿಯೋನೆ ಅವರ 1964ರ ಚಿತ್ರ ಜಪಾನಿನ ಅಕಿರಾ ಕುರೊಸಾವಾ ಅವರ 1961ರ ಸಮುರಾಯ್ ಚಿತ್ರವೊಂದರ ಕಥೆಯನ್ನೇ ಎತ್ತಿಕೊಂಡಿತ್ತು. ಅದು ಜಗಳಕ್ಕೆ ಹೋಗಿ, ಹಣ ಕೊಟ್ಟು ಇತ್ಯರ್ಥವಾಯಿತು. ಅದೇ ಕುರೊಸಾವಾ ಅವರ ಪ್ರಭಾವದಲ್ಲಿ ಗಿರೀಶ ಕಾರ್ನಾಡರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಮಾಡಿದರು. ದಾಯಾದಿ ಜಗಳದಲ್ಲಿ ಎದುರುಬದುರು ನಿಂತ ಇಬ್ಬರು ಕೂಲಿ ಯೋಧರು, ಶಂಕರ್ ನಾಗ್ ಅವರ ಗಂಡುಗಲಿ ಮತ್ತು ಸುಂದರ್ ಕೃಷ್ಣ ಅರಸ್ ಅವರ ಪೆರ್ಮಾಡಿ, ಕೊನೆಗೆ ಒಂದಾಗುತ್ತಾರೆ. ಸ್ಪೇನ್‌ನ ಬಯಲಿಗೂ ನಮ್ಮ ಮಲೆನಾಡಿನ ಹಸಿರಿಗೂ ನೀರು ಬಂದದ್ದು ಒಂದೇ ಕಡೆಯಿಂದ. ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ. ಗಂಡುಗಲಿ ಮತ್ತು ಪೆರ್ಮಾಡಿ ನಡುವೆ ನಿಜವಾದ ಗೌರವ ಬೆಳೆಯುತ್ತದೆ. ಬ್ಲಾಂಡಿ ಮತ್ತು ಟುಕೊ ಕೊನೆಯವರೆಗೂ ಒಬ್ಬರನ್ನೊಬ್ಬರು ನಂಬುವುದಿಲ್ಲ. ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ನೋಡುವ ಮುನ್ನ

ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ಇಲ್ಲ ಅನ್ನಿಸಿದರೆ ಅದು ನಿಮ್ಮ ಟಿವಿಯ ದೋಷ ಅಲ್ಲ. ಆಗ ಇಟಲಿಯಲ್ಲಿ ಸ್ಥಳದಲ್ಲೇ ಧ್ವನಿ ಮುದ್ರಿಸುವ ರೂಢಿ ಇರಲಿಲ್ಲ. ನಟರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಆಮೇಲೆ ಡಬ್ಬಿಂಗ್. ಮೊದಲ ಹತ್ತು ನಿಮಿಷ ಮಾತೇ ಇಲ್ಲ. ಅಲ್ಲಿ ಫೋನ್ ಕೈಗೆತ್ತಿಕೊಳ್ಳಬೇಡಿ.

ಚಿತ್ರದ ಬೇರೆ ಬೇರೆ ಉದ್ದದ ಆವೃತ್ತಿಗಳು ಸಿಗುತ್ತವೆ. ಅಮೆರಿಕದಲ್ಲಿ ಬಿಡುಗಡೆ ಆದದ್ದು 161 ನಿಮಿಷದ್ದು. ಅಲ್ಲಿ ಕತ್ತರಿಸಿದ್ದ ದೃಶ್ಯಗಳನ್ನು ಸೇರಿಸಿದ ಸುಮಾರು 179 ನಿಮಿಷದ ಆವೃತ್ತಿ 2003ರಲ್ಲಿ ಬಂತು. ಅದಕ್ಕಾಗಿ ಈಸ್ಟ್‌ವುಡ್ ಮತ್ತು ವಾಲಕ್ ವಯಸ್ಸಾದ ಮೇಲೆ ಮತ್ತೆ ಬಂದು ದನಿ ಕೊಟ್ಟರು. ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರ ಸಾಲುಗಳನ್ನು ಬೇರೊಬ್ಬರು ಹೇಳಿದ್ದಾರೆ. ಆ ದೃಶ್ಯಗಳಲ್ಲಿ ದನಿ ಬದಲಾಗುವುದು ಕಿವಿಗೆ ತಿಳಿಯುತ್ತದೆ. ಮೊದಲ ಸಲ ನೋಡುವವರಿಗೆ 161 ನಿಮಿಷದ್ದೇ ಸಾಕು. ಕಥೆಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ, ಓಟವೂ ಬಿಗಿಯಾಗಿದೆ.